ಪರ್ವರಿ ಸೈಟಿನಲ್ಲಿ 17 ಮರ: ಮನೆ ಕಟ್ಟೋ ಮುಂಚೆ ಯಾವುದನ್ನ ತೆಗೆಸಬೇಕು, ಯಾವುದನ್ನ ಬಿಡಬೇಕು?

ಕೆಂಪುಮಣ್ಣು (ಪ್ರಶ್ನೆ)

ಗೋವಾದಲ್ಲಿರೋ ಕನ್ನಡದವರಲ್ಲಿ ಮರ, ಮನೆ ಎರಡರ ಕೆಲಸವೂ ಗೊತ್ತಿರೋರು ದಯವಿಟ್ಟು ಹೇಳಿ. ಪರ್ವರಿ ಪಠಾರದ (ಎತ್ತರದ ಸಪಾಟು ಜಾಗದ) ಅಂಚಿನಲ್ಲಿ 500 ಚದರ ಮೀಟರ್ ಸೈಟು. ಪೂರ್ವ-ಪಶ್ಚಿಮ 25 ಮೀಟರ್, ಉತ್ತರ-ದಕ್ಷಿಣ 20. ಪೂರ್ವಕ್ಕೆ ರಸ್ತೆ, ರಸ್ತೆಯಂಚಿಗೆ ಕರೆಂಟಿನ ತಂತಿ. ಪಶ್ಚಿಮದ ಕಡೆ ಇಳಿಜಾರು. ಮೇಲೆ ಒಂದೂವರೆ ಅಡಿ ಮಣ್ಣು, ಕೆಳಗೆಲ್ಲ ಚಿರೇಕಲ್ಲು. ಮನೆ 10 × 11 ಮೀಟರ್, ರಸ್ತೆ ಕಡೆಗೆ ಸರಿದು ಬರುತ್ತೆ.

ಇರೋ ಮರಗಳು: ಪಶ್ಚಿಮದ ಗಡಿಯಲ್ಲಿ ಸಾಲಾಗಿ ನಾಲ್ಕು ಅಕೇಶಿಯಾ. ಆಗ್ನೇಯ ಮೂಲೆಯಲ್ಲಿ ತಂತಿಗೆ ತಾಗಿಕೊಂಡ ಒಂದು ಗುಲ್‌ಮೊಹರ್. ಉತ್ತರಕ್ಕೆ 190 ಸೆಂ.ಮೀ. ಸುತ್ತಳತೆಯ ಹಳೇ ಮಾವು, ದಕ್ಷಿಣಕ್ಕೆ ಬುಡದಲ್ಲಿ ಪೊಟರೆ ಬಿದ್ದಿರೋ ಇನ್ನೊಂದು ಮಾವು. ವಾಯವ್ಯಕ್ಕೆ ಹಲಸು. ಉತ್ತರಕ್ಕೆ ಮೂರು, ದಕ್ಷಿಣಕ್ಕೆ ಮೂರು ತೆಂಗು. ದಕ್ಷಿಣದಲ್ಲಿ ಒಂದು ಮನೆ ಬರೋ ಜಾಗದ ಕಡೆಗೇ ವಾಲಿದೆ. ಎರಡು ಗೇರು. ನೈಋತ್ಯ ಮೂಲೆಯಲ್ಲಿ ಹೆಸರು ಗೊತ್ತಿಲ್ಲದ ಒಂದು ಮರ, ತೊಗಟೆ ಮೇಲೆ ಕರೀ ಡಾಂಬರು ಸುರಿದಂಗೆ ಕಲೆಗಳಿವೆ.

ಗುತ್ತಿಗೆದಾರರ ಮಾತು: "ಒಂದು ದಿನ ಜೆಸಿಬಿ ತಂದು ಎಲ್ಲಾ ಮಗುಚಿ ಹಾಕ್ತೀನಿ, ಕೂಲಿ ಬೇಡ, ಮರ ನನಗಿರಲಿ." 2021ರ ತೌಕ್ತೆ ಚಂಡಮಾರುತದಲ್ಲಿ ಈ ಕಡೆ ಎಷ್ಟೋ ಮನೆ ಮೇಲೆ ಮರ ಬಿದ್ದಿದ್ದು ನೆನೆಸಿಕೊಂಡ್ರೆ ಎಲ್ಲ ತೆಗೆಸೋದೇ ವಾಸಿ ಅನ್ನಿಸುತ್ತೆ. ಹಾಗೇ ಮಾಡಬಹುದಾ? ಕೆಲಸ ಜನವರಿಗೆ ಶುರು.

ಬೇರುಬಿಳಲು

ಎಲ್ಲ ತೆಗೆಸಿದ್ರೆ ನಿಮ್ಮ ಮನೆ ಪಠಾರದ ಅಂಚಿನಲ್ಲಿ ಬೋಳಾಗಿ ನಿಲ್ಲುತ್ತೆ. ಮರ ತಡೀತಿದ್ದ ಗಾಳಿಯೆಲ್ಲ ನೇರ ಹೆಂಚಿಗೋ ಶೀಟಿಗೋ ಬಡಿಯುತ್ತೆ. ಅರ್ಧಂಬರ್ಧ ತೆಗೆಸಿದ್ರೆ ಅದಕ್ಕಿಂತ ಕೆಟ್ಟದ್ದು. ಗುಂಪಿನಲ್ಲಿ ಬೆಳೆದ ಮರ ಬೆಳಕಿಗಾಗಿ ಸಣಕಲಾಗಿ ಮೇಲಕ್ಕೇರಿರುತ್ತೆ, ಪಕ್ಕದವುಗಳ ಮರೆಯಲ್ಲಿ ಇದ್ದಿದ್ದರಿಂದ ಬುಡ ದಪ್ಪ ಆಗಿರಲ್ಲ, ಬೇರಿಗೂ ಗಾಳಿಯ ಅಭ್ಯಾಸ ಇರಲ್ಲ. ಹೊರಗಿನ ಸಾಲು ಹೋದ ಮೊದಲ ಮಳೆಗಾಲದಲ್ಲೇ ಒಳಗಿನದು ಮಲಗುತ್ತೆ. ಹಾಗಾಗಿ ಒಂದೊಂದು ಮರಕ್ಕೂ ಮೂರು ಲೆಕ್ಕ ಹಾಕಬೇಕು: ಬಿದ್ರೆ ಎಲ್ಲಿಗೆ ಬೀಳುತ್ತೆ, ಬೀಳೋ ಸಾಧ್ಯತೆ ಎಷ್ಟು, ಅದು ಹೋದ್ರೆ ಯಾರ ಮೇಲೆ ಗಾಳಿ ಬೀಳುತ್ತೆ.

ಮೊದಲು ಗಾಳಿಯ ದಿಕ್ಕು. ಮಳೆಗಾಲದ ಗಾಳಿ ಪಶ್ಚಿಮ-ನೈಋತ್ಯದ್ದು ಅಂತ ಎಲ್ಲರಿಗೂ ಗೊತ್ತು. ಚಂಡಮಾರುತದ ಲೆಕ್ಕ ಬೇರೆ. ತೌಕ್ತೆ ಥರ ಅರಬ್ಬಿ ಸಮುದ್ರದಲ್ಲಿ ದಡಕ್ಕೆ ಸಮಾನಾಂತರವಾಗಿ ಉತ್ತರಕ್ಕೆ ಹೋಗೋ ಸುಳಿಗೆ ನಾವು ಬಲಗಡೆ ಇರ್ತೀವಿ. ಸುಳಿ ಗಡಿಯಾರದ ವಿರುದ್ಧ ತಿರುಗುತ್ತೆ. ಅದು ನೈಋತ್ಯದಲ್ಲಿದ್ದಾಗ ನಮಗೆ ಆಗ್ನೇಯದ ಗಾಳಿ, ನೇರ ಪಶ್ಚಿಮಕ್ಕೆ ಬಂದಾಗ ದಕ್ಷಿಣದ ಗಾಳಿ, ದಾಟಿ ಹೋದ ಮೇಲೆ ನೈಋತ್ಯದ್ದು. ಮೇ ತಿಂಗಳಲ್ಲಿ ದಕ್ಷಿಣ, ಆಗ್ನೇಯ ದಿಕ್ಕಿನ ಮರಗಳೂ ಮನೆ ಮೇಲೆ ಬರ್ತವೆ ಅಂತ ಅರ್ಥ. ಇದನ್ನ ಮರೆತು ಬರೀ ಸಮುದ್ರದ ಕಡೆ ಮರ ಕಡಿಸೋರೇ ಹೆಚ್ಚು.

ಎತ್ತರ ಅಳೆಯೋಕೆ ಸಲಕರಣೆ ಬೇಡ. ಕಣ್ಣಿನಿಂದ ಚಾಚಿದ ಮುಷ್ಟಿಯವರೆಗೆ ಎಷ್ಟು ಉದ್ದವೋ, ಮುಷ್ಟಿಯ ಮೇಲೆ ಅಷ್ಟೇ ಉದ್ದದ ಕೋಲು ನೆಟ್ಟಗೆ ಹಿಡೀರಿ. ಮರದ ಬುಡ ಮುಷ್ಟಿಗೂ ತುದಿ ಕೋಲಿನ ತುದಿಗೂ ಕೂಡೋ ತನಕ ಹಿಂದಕ್ಕೆ ನಡೀರಿ. ನೀವು ನಿಂತ ಜಾಗದಿಂದ ಬುಡಕ್ಕಿರೋ ದೂರವೇ ಮರದ ಎತ್ತರ. ಇಳಿಜಾರಿನ ಮೇಲೆ ಇದು ಕೈಕೊಡುತ್ತೆ, ಅಡ್ಡಕ್ಕೆ ನಿಂತು ನೋಡಿ. ಆಮೇಲೆ ಸುತ್ತಳತೆಯನ್ನ 3.14ರಿಂದ ಭಾಗಿಸಿದ್ರೆ ದಪ್ಪ. ಎತ್ತರವನ್ನ ಈ ದಪ್ಪದಿಂದ ಭಾಗಿಸಿ. 18 ಮೀಟರ್ ಎತ್ತರ, 22 ಸೆಂ.ಮೀ. ದಪ್ಪದ ಅಕೇಶಿಯಾಕ್ಕೆ 82 ಬರುತ್ತೆ. 80 ದಾಟಿದ ಮರ ಒಂಟಿಯಾಗಿ ನಿಲ್ಲೋಕೆ ಲಾಯಕ್ಕಲ್ಲ. ಅದೇ ನಿಮ್ಮ ಹಳೇ ಮಾವು 12 ಮೀಟರ್ ಎತ್ತರ ಇದ್ರೆ, ದಪ್ಪ 60 ಸೆಂ.ಮೀ., ಭಾಗಿಸಿದ್ರೆ ಬರೋದು 20. ಅದು ಬಂಡೆ ಇದ್ದಂಗೆ.

ಈಗ ಒಂದೊಂದೇ. ಅಕೇಶಿಯಾ ನಾಲ್ಕೂ ಹೋಗಲಿ, ಎರಡು ತೆಗೆದು ಎರಡು ಬಿಡೋ ರಾಜಿ ಬೇಡ. ಸಾಲಿನಲ್ಲಿ ಬೆಳೆದದ್ದು, ಬೇರು ಮೇಲ್ಮೇಲೆ, ಟೊಂಗೆ ಪೆಡಸು. ಗುಲ್‌ಮೊಹರ್ ಕೂಡ ಹೋಗಲಿ: ಕೊಡೆಯಂಥ ತಲೆ, ಮೇಲ್ಬೇರು, ಪಕ್ಕದಲ್ಲಿ ತಂತಿ, ಸಾಲದ್ದಕ್ಕೆ ಆಗ್ನೇಯ ಮೂಲೆ. ಗೇರು ಕುಳ್ಳ, ಅಡಿಪಾಯಕ್ಕೆ ಅಡ್ಡ ಬರದಿದ್ರೆ ಅದರ ಪಾಡಿಗೆ ಇರಲಿ.

ದಕ್ಷಿಣದ ಮಾವಿಗೆ ಮರದ ಸುತ್ತಿಗೆಯಿಂದ ಬುಡದ ಸುತ್ತ ಒಂದೊಂದು ಗೇಣಿಗೂ ಬಡಿದು ಕೇಳಿ. ಗಟ್ಟಿ ಜಾಗ ಕಟ್ ಅನ್ನುತ್ತೆ, ಟೊಳ್ಳು ಡೊಳ್ಳಿನ ಥರ. ಪೊಟರೆ ಒಳಗೆ ತೆಳ್ಳನೆ ಕಬ್ಬಿಣದ ಸರಳು ಹಾಕಿ ಉಳಿದಿರೋ ಗೋಡೆ ಎಷ್ಟು ದಪ್ಪ ನೋಡಿ. ಅರ್ಧ ವ್ಯಾಸದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇದ್ರೆ ತೆಗೆಸಿ. ಅಂದ್ರೆ 60 ಸೆಂ.ಮೀ. ದಪ್ಪದ ಮರಕ್ಕೆ ಸುತ್ತಲೂ ಕನಿಷ್ಠ 10 ಸೆಂ.ಮೀ. ಗಟ್ಟಿ ಕಟ್ಟಿಗೆ ಬೇಕು. ಪೊಟರೆ ಬಾಯಿ ದೊಡ್ಡದಿದ್ರೆ ಇನ್ನೂ ಹೆಚ್ಚು.

ಹಲಸು, ಉತ್ತರದ ಮಾವು ಎರಡೂ ಇರಲಿ. ಗುತ್ತಿಗೆದಾರರ ಕಣ್ಣು ಮೊದಲು ಹಲಸಿನ ಮೇಲೇ ಇರುತ್ತೆ, ನಾಟಾ ಬೆಲೆ ಬಾಳುತ್ತಲ್ಲ. "ಕೂಲಿ ಬೇಡ" ಅನ್ನೋ ಮಾತಿನ ಒಳಗಿರೋದು ಅದೇ.

ಉಳಿಸೋ ಮರದ ತಲೆ ಮಾತ್ರ ಬೋಳಿಸಬೇಡಿ. ತುದಿ ಕತ್ತರಿಸಿದ ಕಡೆ ಚಿಗುರೋ ಟೊಂಗೆಗಳು ಬರೀ ಮೇಲ್ಪದರಕ್ಕೆ ಅಂಟಿಕೊಂಡಿರ್ತವೆ. ನಾಲ್ಕೈದು ವರ್ಷಕ್ಕೆ ತೋಳಿನ ದಪ್ಪ ಆಗಿ ಗಾಳಿಗೆ ಸಿಗಿದು ಬೀಳ್ತವೆ, ಅಷ್ಟರಲ್ಲಿ ಕೊಯ್ದ ಜಾಗ ಕೊಳೆತಿರುತ್ತೆ. ಒಳಗಿನ ಟೊಂಗೆಯೆಲ್ಲ ಸವರಿ ತುದಿಯಲ್ಲಷ್ಟೇ ಎಲೆ ಬಿಟ್ಟು ಚೌರಿ ಥರ ಮಾಡೋದೂ ತಪ್ಪು, ಭಾರವೆಲ್ಲ ತುದಿಗೆ ಹೋಗಿ ಟೊಂಗೆ ಮುರಿಯುತ್ತೆ. ಒಣಗಿದ್ದು, ಒಂದಕ್ಕೊಂದು ಉಜ್ಜೋದು, ಮನೆ ಮೇಲೆ ಚಾಚಿದ್ದು ತೆಗೀರಿ. ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ಒಂದೇ ಸಲ ತೆಗೆಯಬೇಡಿ.

ಅರ್ಜಿ ಗುಮಾಸ್ತ

ಗರಗಸ ಮುಟ್ಟೋ ಮುಂಚೆ ಕಾಗದ. ಇಲ್ಲಿ ನಡೆಯೋದು 1984ರ ಗೋವಾ, ದಮನ್ ಮತ್ತು ದಿಯು ಮರಗಳ ಸಂರಕ್ಷಣಾ ಕಾಯ್ದೆ. ಸ್ವಂತ ಜಾಗದ ಮರಕ್ಕೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಕಾಯ್ದೆಯ ಪ್ರಕಾರ "ಕಡಿಯೋದು" ಅಂದ್ರೆ ಬುಡ ಕೊಯ್ಯೋದಷ್ಟೇ ಅಲ್ಲ. ಬುಲ್ಡೋಜರ್‌ನಿಂದ ಕೀಳೋದು, ತೊಗಟೆ ಸುತ್ತ ಕೆತ್ತೋದು, ವಿಷ ಹಾಕೋದು, ಸುಡೋದು, ಟೊಂಗೆ ಬೋಳಿಸೋದು ಎಲ್ಲ ಅದರೊಳಗೇ ಬರುತ್ತೆ. ಹಾಗಾಗಿ ಜೆಸಿಬಿಯವನು "ನಾನು ಕಡಿದಿಲ್ಲ, ಅದೇ ಬಿತ್ತು" ಅಂದ್ರೆ ನಡೆಯಲ್ಲ.

ತೆಂಗಿಗೆ ಬೇಡ ಅಂತ ಯಾರಾದ್ರೂ ಹೇಳಿದ್ರೆ ಅದು ಹಳೇ ಸುದ್ದಿ. 2016ರಲ್ಲಿ ತಿದ್ದುಪಡಿ ತಂದು ತೆಂಗನ್ನ ಮರದ ಪಟ್ಟಿಯಿಂದ ಕೈಬಿಟ್ಟಿದ್ದರು, ಗಲಾಟೆ ಆಯ್ತು, ಆಮೇಲೆ ಮತ್ತೆ ಸೇರಿಸಿದರು.

ಅರ್ಜಿ ಜೊತೆ ಫಾರ್ಮ್ 1 ಮತ್ತು 14 (ನಮ್ಮ ಪಹಣಿಯಂಥ ಜಮೀನಿನ ದಾಖಲೆ), ಸರ್ವೆ ನಕ್ಷೆ, ನಕ್ಷೆ ಮೇಲೆ ಪ್ರತಿ ಮರಕ್ಕೂ ನಂಬರು, ಜಾತಿ, ಎದೆಮಟ್ಟದ ಸುತ್ತಳತೆ, ಎರಡು ಬದಿಯ ಫೋಟೋ, ಕಾರಣ. ಕಾರಣದ ಕಾಲಂನಲ್ಲಿ "ಮನೆ ಕಟ್ಟಲು" ಅಂತ ಹದಿನೇಳಕ್ಕೂ ಒಂದೇ ಸಾಲು ಬರೆಯಬೇಡಿ. ಪೊಟರೆ ಬಿದ್ದ ಮಾವಿಗೆ "ಜೀವ, ಆಸ್ತಿಗೆ ಅಪಾಯ" ಅಂತ ಬರೆದು ಪೊಟರೆಯಲ್ಲಿ ಅಳತೆಪಟ್ಟಿ ಇಟ್ಟ ಫೋಟೋ ಲಗತ್ತಿಸಿ. ಅಪಾಯದ, ಒಣಗಿದ, ರೋಗ ಬಿದ್ದ ಮರಗಳಿಗೆ ಕಾಯ್ದೆಯಲ್ಲೇ ದಾರಿ ಇದೆ. ಅರಣ್ಯದವರು ಸ್ಥಳಕ್ಕೆ ಬಂದು ನೋಡ್ತಾರೆ. ಅವರು ಬರೋ ಹೊತ್ತಿಗೆ ಮರದ ಮೇಲೆ ಬಣ್ಣದಲ್ಲಿ ನಂಬರು ಇದ್ರೆ ಅರ್ಧ ಕೆಲಸ ಮುಗೀತು. ಅನುಮತಿ ಸಿಕ್ಕರೆ ಬದಲಿಗೆ ಗಿಡ ನೆಡೋ ಷರತ್ತು ಬರುತ್ತೆ. ಕಡಿದ ನಾಟಾ ಹೊರಗೆ ಸಾಗಿಸೋಕೆ ಬೇರೆ ಪರವಾನಗಿ.

ಜನವರಿಗೆ ಕೆಲಸ ಅಂದ್ರೆ ಅರ್ಜಿ ಈಗಲೇ ಹಾಕಿ. ಇನ್ನೆರಡು ನೋಡಿಕೊಳ್ಳಿ. ಸೈಟಿಗೆ ಸನದು (ಜಮೀನನ್ನ ಕೃಷಿಯೇತರ ಬಳಕೆಗೆ ಬದಲಾಯಿಸಿದ ಆದೇಶ) ಆಗಿದೆಯಾ? ನಿಮ್ಮ ಸರ್ವೆ ನಂಬರು ಖಾಸಗಿ ಅರಣ್ಯದ ಪಟ್ಟಿಯಲ್ಲಿ ಇದೆಯಾ? ಗೋವಾದಲ್ಲಿ 75 ಶೇಕಡಾ ಕಾಡು ಜಾತಿ, 5 ಹೆಕ್ಟೇರ್ ಒತ್ತಟ್ಟಿಗೆ, 0.4 ಮೇಲಾವರಣ (ನೆಲದ 40 ಶೇಕಡಾ ಮರದ ತಲೆಗಳಿಂದ ಮುಚ್ಚಿರೋದು) ಅನ್ನೋದು ಖಾಸಗಿ ಅರಣ್ಯದ ಅಳತೆ. ಸೈಟು ಚಿಕ್ಕದಾದ್ರೂ ಅಂಥ ದೊಡ್ಡ ತುಂಡಿನ ಭಾಗ ಆಗಿದ್ರೆ ಆಟವೇ ಬೇರೆ. ಇಳಿಜಾರು ಅಗೆದು ಸಮತಟ್ಟು ಮಾಡೋದಾದ್ರೆ ಟೌನ್ ಪ್ಲಾನಿಂಗ್ ಕಾಯ್ದೆಯ 17ಎ ಕಲಂ ಪ್ರಕಾರ ಪ್ರತ್ಯೇಕ ಅನುಮತಿ. ಅಕೇಶಿಯಾದ ಬೊಡ್ಡೆ ಕೀಳ್ತೀನಿ ಅಂತ ಗುಡ್ಡ ಕೆರೆದರೂ ಅದೇ ಕಲಂ ಎದುರು ಬರುತ್ತೆ.

ಹಗ್ಗ ಹಿಡಿದವ

ಜೆಸಿಬಿಯಿಂದ ಗಿಡ ದೂಡಿಸಬ್ಯಾಡ್ರಿ. (ನಮ್ಮ ಧಾರವಾಡ ಕಡೆ ಮರಕ್ಕೂ ಗಿಡಾನಽ ಅಂತೀವಿ, ಗೊಂದಲ ಮಾಡ್ಕೋಬ್ಯಾಡ್ರಿ.) ಬಕೆಟ್ಟು ಬಡಿಯೋದು ನಾಕು ಮೀಟರ್ ಎತ್ತರಕ್ಕ. ಮೇಲಿನ ಹದಿನಾಕು ಮೀಟರ್ ಚಾಟಿ ಹಂಗ ಹಿಂದಕ್ಕ ಬಂದು ಡ್ರೈವರನ ತಲಿ ಮ್ಯಾಲೆ ಒಣಟೊಂಗಿ ಕೆಡವತದ. ಬುಡ ಎದ್ದಾಗ ಬೇರು ತಟ್ಟಿ ಹಂಗ ಅಗಲಕ್ಕ ಏಳತದ, ಜೋಡಿ ಪಕ್ಕದ ಗಿಡದ ಬೇರು, ನೀರಿನ ಪೈಪು, ನೆರೆಯವರ ಕಂಪೌಂಡು ಎಲ್ಲಾ ಎತ್ತಿಕೊಂಡು ಬರತದ. ಚಿರೇಕಲ್ಲಿನ ಮ್ಯಾಲೆ ಬೇರು ಆಳಕ್ಕ ಹೋಗಿರೂದಿಲ್ಲ, ಅಡ್ಡಡ್ಡ ಹೋಗಿರತಾವ. ಅದಕ್ಕ ಇಲ್ಲಿ ಇದು ಇನ್ನೂ ಖರಾಬು.

ಬೀಳಿಸಲಿಕ್ಕೆ ಜಾಗ ಇದ್ದರ ಬುಡದಿಂದ ಕೊಯ್ಯೂದು. ಸುತ್ತ ಗಿಡದ ಎತ್ತರದ ಎರಡು ಪಟ್ಟು ದೂರದಾಗ ಮಂದಿ ಇರಬಾರದು. 18 ಮೀಟರಿಗೆ 36. ನಿಮ್ಮ ಸೈಟೇ 25 ಮೀಟರ್. ಅಂದರ ರಸ್ತೆಯೊಳಗ, ನೆರೆಮನಿ ಅಂಗಳದಾಗ ಆ ತಾಸು ಯಾರೂ ಓಡಾಡಬಾರದು, ಎರಡೂ ತುದಿಗೆ ಒಬ್ಬೊಬ್ಬ ಸೀಟಿ ಹಿಡಿದು ನಿಂದ್ರಬೇಕು.

ಕೊಯ್ಯೂ ಕ್ರಮ: ಬೀಳಬೇಕಾದ ಕಡೆ ಬಾಯಿ (ಬೆಣೆಯಾಕಾರದ ಕಚ್ಚು) ತೆಗೀರಿ, ಆಳ ದಪ್ಪದ ಐದನೇ ಒಂದರಿಂದ ನಾಲ್ಕನೇ ಒಂದು ಭಾಗ. ಬಾಯಿ ಅಗಲಕ ಇರಲಿ, 70 ಡಿಗ್ರಿ ಮ್ಯಾಲೆ. ಸಣ್ಣ ಬಾಯಿ ತೆಗೆದರ ಗಿಡ ಅರ್ಧಕ್ಕ ಬಂದಾಗ ಬಾಯಿ ಮುಚ್ಚಿ ಕೀಲು (ನಡುವ ಕೊಯ್ಯದ ಬಿಟ್ಟ ಕಟಿಗಿ ಪಟ್ಟಿ) ಪಟ್ಟನೆ ಮುರೀತದ, ಆಮ್ಯಾಲೆ ಗಿಡ ತನ್ನ ಮನಸಿಗೆ ಬಂದ ಕಡೆ ಹೋಗತದ. ಹಿಂದಿಂದ ಕೊಯ್ಯುವಾಗ ಪೂರ್ತಿ ಕೊಯ್ಯಬ್ಯಾಡ್ರಿ, ದಪ್ಪದ ಹತ್ತನೇ ಒಂದು ಭಾಗ ಕೀಲು ಬಿಡಬೇಕು. 40 ಸೆಂ.ಮೀ. ಗಿಡಕ್ಕ 4 ಸೆಂ.ಮೀ., ಎರಡೂ ತುದಿಗೆ ಒಂದಽ ದಪ್ಪ. ಒಂದು ಕಡೆ ತೆಳ್ಳಗ ಆದರ ಗಿಡ ದಪ್ಪಗಿದ್ದ ಕಡೆ ಎಳಕೊಂಡು ತಿರಗತದ. ಗರಗಸ ಕಚ್ಚಿಕೊಳ್ಳಬಾರದಂದ್ರ ಹಿಂದಿನ ಕೊಯ್ತದಾಗ ಪ್ಲಾಸ್ಟಿಕ್ ಬೆಣೆ ಬಡೀರಿ, ಕಬ್ಬಿಣದ್ದು ಬ್ಯಾಡ. ಓಡೂ ದಾರಿ ಮೊದಲಽ ಸವರಿ ಇಟ್ಟಿರಬೇಕು. ನೆಟ್ಟಗ ಹಿಂದಕ್ಕಲ್ಲ, ಹಿಂದಕ್ಕ ಓರೆ, 45 ಡಿಗ್ರಿ.

ವಾಲಿದ ಗಿಡಕ್ಕ ಇದನ್ನ ಹಿಂಗಽ ಮಾಡಬ್ಯಾಡ್ರಿ. ವಾಲಿದ ಕಡೆಗೇ ಬೀಳಿಸೂವಾಗ ಹಿಂದಿಂದ ಕೊಯ್ಯಲಿಕ್ಕೆ ಹತ್ತಿದ್ರ ಅರ್ಧಕ್ಕಽ ಬೊಡ್ಡಿ ಉದ್ದಕ ಸೀಳಿ, ಹಿಂದಿನ ಸೀಳು ಕೊಯ್ಯುವವನ ಎದಿಗೆ ಒದೀತದ. ಜೀವ ಹೋಗೂದು ಇಂಥಲ್ಲೆ. ಬಾಯಿ ತೆಗೆದ ಮ್ಯಾಲೆ ಕೀಲಿನ ಹಿಂದ ಗರಗಸದ ಮೂತಿ ತೂರಿಸಿ, ಕೀಲು ಅಳತಿ ಮಾಡಿ, ಹಿಂದ ನಾಕು ಬೆರಳು ಪಟ್ಟಿ ಬಿಟ್ಟು, ಎಲ್ಲಾರೂ ಸರಿದ ಮ್ಯಾಲೆ ಕಡೀಕೆ ಆ ಪಟ್ಟಿ ಕೊಯ್ಯಬೇಕು. ಇದು ಬರದವರ ಕೈಯಾಗ ಗರಗಸ ಕೊಡಬ್ಯಾಡ್ರಿ.

ನಿಮ್ಮ ಅಕೇಶಿಯಾ ಪಶ್ಚಿಮದ ಇಳಿಜಾರಿಗೆ ಮುಖ ಮಾಡಿದ್ರೂ ಕೆಳಗ ಮನಿ ಇದ್ದರ ತುಂಡು ತುಂಡು ಇಳಿಸಬೇಕಾಗತದ. ತೂಕದ ಅಂದಾಜು ಇರಲಿ: ಹಸಿ ಕಟಿಗಿ ನೀರಿನಷ್ಟಽ ಭಾರ ಅಂತ ಹಿಡೀರಿ. 40 ಸೆಂ.ಮೀ. ದಪ್ಪದ ಒಂದು ಮೀಟರ್ ತುಂಡು ಸುಮಾರು 125 ಕಿಲೋ. ಅದು ಒಂದು ಮೀಟರ್ ಜಾರಿ ಹಗ್ಗಕ್ಕ ಜಗ್ಗಿದರ ಬೀಳೂ ಹೊಡೆತ ಅದರ ಎಷ್ಟೋ ಪಟ್ಟು. ತೆಂಗಿನ ನಾರಿನ ಹಗ್ಗ, ಹಳೇ ನೈಲಾನು ನಡೆಯೂದಿಲ್ಲ. 14–16 ಮಿ.ಮೀ. ಪಾಲಿಯೆಸ್ಟರ್ ಹಗ್ಗ ತಗೊಂಡು, ಬುಡದಾಗ ಇನ್ನೊಂದು ಗಟ್ಟಿ ಗಿಡಕ್ಕ ಮೂರು ಸುತ್ತು ಹಾಕಿ, ನಿಧಾನ ಬಿಡಬೇಕು. ಕೈಗೆ ಹಗ್ಗ ಸುತ್ತಿಕೊಂಡು ನಿಂತವನ ಬೆರಳು ಉಳಿಯೂದಿಲ್ಲ.

ತಂತಿ ಪಕ್ಕದವ

ಗುಲ್‌ಮೊಹರ್ ಬಗ್ಗೆ ಒಂದೇ ಮಾತು. ವಿದ್ಯುತ್ ಇಲಾಖೆಗೆ ಲಿಖಿತ ಅರ್ಜಿ ಕೊಟ್ಟು ಆ ಲೈನು ಬಂದ್ ಮಾಡಿಸಿ, ಲೈನ್‌ಮನ್ ಸ್ಥಳದಲ್ಲಿ ನಿಂತು ಎರಡೂ ಕಡೆ ಅರ್ಥಿಂಗ್ ಹಾಕಿದ (ತಂತಿಯನ್ನ ನೆಲಕ್ಕೆ ಜೋಡಿಸಿದ) ಮೇಲೇ ಮರ ಹತ್ತಬೇಕು. "ಇಡೀ ವಾಡೋದಲ್ಲೇ (ಕೇರಿಯಲ್ಲೇ) ಕರೆಂಟಿಲ್ಲ" ಅನ್ನೋದನ್ನ ನಂಬಬೇಡಿ. ಯಾರದೋ ಮನೆಯ ಜನರೇಟರು ತಪ್ಪು ಜೋಡಣೆಯಿಂದ ಹಿಂದಕ್ಕೆ ತಂತಿಗೆ ಕರೆಂಟು ಕೊಡ್ತಿರುತ್ತೆ. ಟೊಂಗೆಯನ್ನ ತಂತಿ ಕಡೆಯಿಂದ ಶುರುಮಾಡಿ, ಮೂರು ಕೊಯ್ತದಲ್ಲಿ ತೆಗೀರಿ: ಬುಡದಿಂದ ಒಂದಡಿ ಆಚೆ ಕೆಳಗಿನಿಂದ ಸ್ವಲ್ಪ, ಅದರಾಚೆ ಮೇಲಿನಿಂದ ಪೂರ್ತಿ, ಕೊನೆಗೆ ಉಳಿದ ಮೋಟು. ಮೇಲಿನಿಂದ ಒಂದೇ ಸಲ ಕೊಯ್ದ್ರೆ ಟೊಂಗೆ ತೊಗಟೆ ಸಿಗಿದುಕೊಂಡು ಜೋಕಾಲಿ ಥರ ತಂತಿಗೆ ಹೋಗಿ ಬಡಿಯುತ್ತೆ.

ತೆಂಗಿನ ಸುಳಿ

ಮೇಲಿನವರು ತೆಂಗಿನ ಬಗ್ಗೆ ಅನುಮತಿ ಬಿಟ್ಟು ಬೇರೇನೂ ಹೇಳಿಲ್ಲ, ಹಾಗಾಗಿ ಬರೀತಿದೀನಿ.

ತೆಂಗು ಗಾಳಿಗೆ ಬಾಗುತ್ತೆ, ಸುಲಭಕ್ಕೆ ಬೀಳಲ್ಲ. ಬಿದ್ದ ತೆಂಗಿನ ಬುಡ ನೋಡಿದ್ರೆ ಸಾಮಾನ್ಯವಾಗಿ ಎರಡರಲ್ಲೊಂದು ಕಾರಣ: ಅಣಬೆ ರೋಗ, ಇಲ್ಲಾ ಕಂಪೌಂಡ್ ಕಟ್ಟುವಾಗ ಬುಡದ ಪಕ್ಕ ಅಗೆದದ್ದು. ಅಣಬೆ ರೋಗದ ಗುರುತು, ಬುಡದ ಮೂರಡಿ ಒಳಗೆ ಕೆಂಪು-ಕಂದು ರಸ ಒಸರುತ್ತೆ, ಕೆಳಗಿನ ಗರಿಗಳು ಬೀಳದೆ ಕಾಂಡಕ್ಕೆ ಜೋತುಬೀಳುತ್ತವೆ, ಕೊನೆಗೆ ಬುಡದಲ್ಲಿ ಬಿಲ್ಲೆಯಂಥ ಗಟ್ಟಿ ಅಣಬೆ. ಅಣಬೆ ಕಂಡ ಮರ ಒಳಗೆ ಪೊಳ್ಳು ಅಂತಲೇ ತಿಳೀರಿ, ಹತ್ತೋಕೂ ಬಿಡಬೇಡಿ. ಸುಳಿ ಹತ್ತಿರ ತೂತು, ಅಗಿದ ನಾರು, ಹುಳಿ ವಾಸನೆ ಇದ್ರೆ ಕೆಂಪು ಮೂತಿ ಹುಳು. ಅಂಥದ್ದರ ತಲೆ ಗಾಳಿಗೆ ಕಳಚಿ ಬೀಳುತ್ತೆ.

ಆರೋಗ್ಯವಾಗಿರೋ ತೆಂಗಿನ ಅಪಾಯ ಮರ ಬೀಳೋದಲ್ಲ, ಕಾಯಿ ಬೀಳೋದು. 15 ಮೀಟರ್ ಮೇಲಿಂದ ಬಿದ್ದ ಕಾಯಿ ನೆಲ ಮುಟ್ಟೋವಾಗ ಗಂಟೆಗೆ 60 ಕಿ.ಮೀ. ವೇಗದಲ್ಲಿರುತ್ತೆ. ಸಿಪ್ಪೆ ಸಮೇತ ಕಿಲೋಗೂ ಮೇಲೆ ತೂಕ. ಮಂಗಳೂರು ಹೆಂಚು ತಡೆಯಲ್ಲ. ಹಾಗಾಗಿ ಗೋಡೆಯಿಂದ 5 ಮೀಟರ್ ಒಳಗಿನ ತೆಂಗಿಗೆ ಮೇ ಮೊದಲ ವಾರ ಮತ್ತು ಅಕ್ಟೋಬರಿನಲ್ಲಿ ಕಾಯಿ, ಒಣ ಗರಿ, ಹೊಂಬಾಳೆ ಇಳಿಸೋ ಪಾಡೇಲಿಯನ್ನ ಈಗಲೇ ಗೊತ್ತುಮಾಡಿಕೊಳ್ಳಿ. ಹಸಿರು ಗರಿ ಸವರಿಸಬೇಡಿ, ಆ ಗರಿಗಳೇ ಸುಳಿಯನ್ನ ಗಾಳಿಯಿಂದ ಕಾಯೋದು.

ದಕ್ಷಿಣದ ವಾಲಿದ ತೆಂಗು: ಹುಟ್ಟಿನಿಂದ ಬೆಳಕಿಗೆ ಬಾಗಿ ತುದಿ ಮತ್ತೆ ನೆಟ್ಟಗಾಗಿದ್ರೆ ಅಂಥ ವಾಲು ಗಟ್ಟಿ. ಬುಡದ ಒಂದು ಕಡೆ ಮಣ್ಣು ಬಿರಿದು, ಬೇರಿನ ಬಳೆ ಮೇಲೆದ್ದು, ತುದಿಯೂ ಅದೇ ಕಡೆಗೆ ವಾಲಿದ್ರೆ ಅದು ಹೊಸ ವಾಲು, ತೆಗೆಸಿ. ತೆಗೆಸೋವಾಗ ಮೇಲಿನವರು ಹೇಳಿದ ಕೀಲಿನ ಲೆಕ್ಕ ಇಲ್ಲಿ ಅಷ್ಟು ನಂಬಬೇಡಿ. ತೆಂಗಿಗೆ ತಿರುಳು-ನಾಟಾ ಅಂತ ಬೇರೆ ಇಲ್ಲ, ಹೊರಗಿನ ಬಳೆ ಕಬ್ಬಿಣ, ಒಳಗೆ ಮೆದು. ಕೀಲು ಬಾಗದೆ ಫಟ್ ಅಂತ ಹೋಗುತ್ತೆ. ಮನೆ ಪಕ್ಕದ್ದನ್ನ ತಲೆ ತೆಗೆದು, ಒಂದೊಂದು ಮೀಟರ್ ತುಂಡು ಮಾಡಿ ಇಳಿಸೋದೇ ಸರಿ. 30 ಸೆಂ.ಮೀ. ದಪ್ಪದ ತುಂಡು 65–70 ಕಿಲೋ ಬರುತ್ತೆ. ಚೈನು ಬೇಗ ಮೊಂಡಾಗುತ್ತೆ, ಎರಡನೇ ಚೈನು ಇಟ್ಟುಕೊಂಡಿರಿ.

ಕಡಿದ ತುಂಡು, ಬೊಡ್ಡೆ ಸೈಟಿನಲ್ಲಿ ಬಿಟ್ಟರೆ ಕುರುವಾಯಿ ದುಂಬಿ ಕೊಳೆತ ತಿರುಳಲ್ಲಿ ಮೊಟ್ಟೆ ಇಡುತ್ತೆ. ಹಸಿ ಕೊಯ್ತದ ವಾಸನೆಗೆ ಕೆಂಪು ಮೂತಿ ಹುಳುವೂ ಬರುತ್ತೆ. ಒಂದನ್ನ ಕಡಿದು ಉಳಿದ ಐದನ್ನ ಕಳಕೊಂಡಂಗಾಗುತ್ತೆ. ಉದ್ದಕ್ಕೆ ಸೀಳಿ ಬಿಸಿಲಿಗೆ ಹಾಕಿ, ಇಲ್ಲಾ ಒಂದು ವಾರದೊಳಗೆ ಸಾಗಿಸಿ.

ಕೆಂಪುಮಣ್ಣು

ತುಂಬಾ ಉಪಕಾರ. ಅಕೇಶಿಯಾ ನಾಲ್ಕು, ಗುಲ್‌ಮೊಹರ್, ಪೊಟರೆ ಮಾವು, ಇಷ್ಟಕ್ಕೆ ಅರ್ಜಿ ಹಾಕ್ತೀನಿ. ದಕ್ಷಿಣದ ವಾಲಿದ ತೆಂಗಿನ ಬುಡದಲ್ಲಿ ಮಣ್ಣು ಬಿರಿದಿಲ್ಲ, ತುದಿ ನೆಟ್ಟಗಿದೆ, ಹಾಗಾಗಿ ಬಿಡ್ತೀನಿ. ಇನ್ನು ಎರಡು ಪ್ರಶ್ನೆ. ಬೊಡ್ಡೆ ಕೀಳಿಸಬೇಕಾ, ನೆಲಮಟ್ಟಕ್ಕೆ ಕೊಯ್ದು ಬಿಡಬೇಕಾ? ಉತ್ತರದ ಹಳೇ ಮಾವಿನಿಂದ ಎರಡು ಮೀಟರ್ ದೂರದಲ್ಲೇ ಕಂಪೌಂಡ್ ಬರಬೇಕು, ಅದಕ್ಕೇನು ಮಾಡೋದು? ಆಮೇಲೆ ಆ ಕರೀ ಕಲೆ ಮರದ ವಿಷಯ ಯಾರೂ ಹೇಳಲಿಲ್ಲ.

ಚಿರೇಕಲ್ಲು

ಬೊಡ್ಡೆ ಎಲ್ಲಿದೆ ಅನ್ನೋದರ ಮೇಲೆ ಹೋಗುತ್ತೆ.

ಅಡಿಪಾಯದ ಒಳಗೆ ಅಥವಾ ಅದರಂಚಿಂದ ಎರಡು ಮೀಟರ್ ಒಳಗೆ ಇದ್ರೆ ಪೂರ್ತಿ ಕೀಳಬೇಕು. ಬಿಟ್ಟ ಬೇರು ಕೊಳೆತು ಟೊಳ್ಳಾಗುತ್ತೆ, ನೆಲ ಕುಸಿಯುತ್ತೆ, ಗೆದ್ದಲು ಅದೇ ಸುರಂಗದಿಂದ ಬಾಗಿಲ ಚೌಕಟ್ಟಿಗೆ ಬರುತ್ತೆ. ಕೀಳೋದು ಗ್ಯಾರಂಟಿ ಅಂದ್ರೆ ಮರ ಕೊಯ್ಯೋವಾಗ ನೆಲಮಟ್ಟಕ್ಕೆ ಕೊಯ್ಯಬೇಡಿ, ಒಂದು ಮೀಟರಿಗೂ ಸ್ವಲ್ಪ ಮೇಲೆ ಮೋಟು ಬಿಡಿ. ಸುತ್ತಲಿನ ಬೇರು ಕತ್ತರಿಸಿದ ಮೇಲೆ ಯಂತ್ರಕ್ಕೆ ಹಿಡಿದು ಅಲ್ಲಾಡಿಸೋಕೆ ಅದೇ ಮೀಟಿ. ನೆಲಮಟ್ಟಕ್ಕೆ ಕೊಯ್ದ ಬೊಡ್ಡೆ ಕೀಳೋಕೆ ಎರಡು ಪಟ್ಟು ಅಗೆತ. ಗುಂಡಿಯನ್ನ ಅಗೆದ ಮಣ್ಣಿನಿಂದಲೇ ಒಟ್ಟಿಗೆ ಮುಚ್ಚಬೇಡಿ. ಬೇರು, ಎಲೆ ಆರಿಸಿ, ಗಟ್ಟಿ ಮುರಂ ಮಣ್ಣು 15–20 ಸೆಂ.ಮೀ. ಪದರವಾಗಿ ಹಾಕಿ, ಒಂದೊಂದು ಪದರಕ್ಕೂ ನೀರು ಚಿಮುಕಿಸಿ ದಿಮ್ಮಸು ಹೊಡೆಯಬೇಕು.

ಇಳಿಜಾರಿನ ಅಕೇಶಿಯಾಗಳ ಬೊಡ್ಡೆ ಮಾತ್ರ ಕೀಳಲೇಬೇಡಿ. ನೆಲಕ್ಕೆ ಸಮ ಕೊಯ್ದು ಬಿಡಿ. ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ. ಸಡಿಲ ಮಾಡಿದ ಇಳಿಜಾರು ಜೂನ್‌ನಲ್ಲೇ ಕೆಳಗಿನವರ ಅಂಗಳಕ್ಕೆ ಹೋಗಿರುತ್ತೆ. ಸತ್ತ ಬೇರು ಇನ್ನೂ ಕೆಲವು ವರ್ಷ ಮಣ್ಣು ಹಿಡಿಯುತ್ತೆ, ಅಷ್ಟರೊಳಗೆ ಹೊಸ ಗಿಡದ ಬೇರು ಅಲ್ಲಿಗೆ ಇಳಿದಿರಬೇಕು. ಹಾಗಾಗಿ ಬದಲಿ ಗಿಡಗಳನ್ನ ಸಾಲುಬಿಟ್ಟು ಆ ಅಂಚಿಗೇ ನೆಡಿ: ಸುರಹೊನ್ನೆ, ಹೊಂಗೆ, ಮುರುಗಲು (ಕೋಕಂ). ಮುರುಗಲು ಮೆಲ್ಲಗೆ ಬೆಳೆಯುತ್ತೆ, ಆದ್ರೆ ಬುಡ ಗಟ್ಟಿ. ಸೋಲ್‌ಕಡಿಗೆ (ಕೋಕಂ-ಕಾಯಿಹಾಲಿನ ಪಾನೀಯಕ್ಕೆ) ಮಾರ್ಕೆಟ್ಟಿಗೆ ಓಡೋದೂ ತಪ್ಪುತ್ತೆ. ದೊಡ್ಡ ಚೀಲದ ಗಿಡ ಬೇಡ. ಒಂದೆರಡು ವರ್ಷದ್ದು ಸಾಕು, ಚೀಲದೊಳಗೆ ಸುತ್ತಿಕೊಂಡ ಬೇರು ಬಿಡಿಸಿ ಕತ್ತರಿಸದೆ ನೆಟ್ಟರೆ ಮುಂದೆ ಅದೇ ಮರ ಬೇರುಸಮೇತ ಮಲಗುತ್ತೆ.

ಕಂಪೌಂಡು ನಿಜವಾದ ತಲೆನೋವು. ಮರದ ದಪ್ಪದ 12 ಪಟ್ಟು ದೂರದವರೆಗೆ ಬೇರಿನ ಜಾಗ ಅಂತ ಲೆಕ್ಕ. ನಿಮ್ಮ ಮಾವಿಗೆ 60 ಸೆಂ.ಮೀ. × 12 = 7.2 ಮೀಟರ್. ಎರಡು ಮೀಟರಲ್ಲಿ ಉದ್ದಕ್ಕೆ ಚರಂಡಿ ಥರ ಪಾಯ ತೋಡಿದ್ರೆ ಒಂದು ಕಡೆಯ ಬೇರೆಲ್ಲ ತುಂಡು. ಆ ವರ್ಷ ಮರ ಹಸಿರಾಗೇ ಇರುತ್ತೆ, ಎರಡು-ಮೂರು ಮಳೆಗಾಲ ಬಿಟ್ಟು ಬೇರು ಕೊಳೆತ ಮೇಲೆ ಒಂದು ರಾತ್ರಿ ಮಲಗುತ್ತೆ. "ಗಟ್ಟಿಮುಟ್ಟಾದ ಮಾವು, ಹೇಗೆ ಬಿತ್ತೋ" ಅಂತ ಜನ ಕೇಳೋದು ಇಂಥದ್ದಕ್ಕೇ.

ಆ 12–14 ಮೀಟರ್ ಉದ್ದಕ್ಕೆ ಪಾಯ ಬೇಡ. ಎರಡೂವರೆ, ಮೂರು ಮೀಟರಿಗೊಂದು ಕಂಬದ ಗುಂಡಿ, ಕೈಯಿಂದ ಅಗೆತ. ಐದು ಸೆಂ.ಮೀ.ಗಿಂತ ದಪ್ಪ ಬೇರು ಸಿಕ್ಕರೆ ಗುಂಡಿಯನ್ನ ಒಂದಡಿ ಆಚೀಚೆ ಸರಿಸಿ. ಕಂಬದ ಮೇಲೆ ನೆಲದಿಂದ 10 ಸೆಂ.ಮೀ. ಎತ್ತರಕ್ಕೆ ಕಾಂಕ್ರೀಟ್ ತೊಲೆ, ಅದರ ಮೇಲೆ ಗೋಡೆ. ಕೆಳಗಿನ ಸಂದಿಯಲ್ಲಿ ಮಳೆನೀರೂ ಹರಿದು ಹೋಗುತ್ತೆ. ಮನೆ ಕಟ್ಟೋ ಎಂಟು-ಹತ್ತು ತಿಂಗಳು ಮಾವಿನ ಸುತ್ತ ಬಿದಿರಿನ ಬೇಲಿ ಹಾಕಿಸಿ. ಇಲ್ಲದಿದ್ರೆ ಮರಳು ರಾಶಿ, ಸಿಮೆಂಟ್ ಕಲಸೋದು, ಲಾರಿ ತಿರುಗಿಸೋದು ಎಲ್ಲ ಅದರ ನೆರಳಲ್ಲೇ ನಡೆಯುತ್ತೆ, ಸಿಮೆಂಟ್ ತೊಳೆದ ನೀರು ಬೇರಿಗೆ ಹೋಗುತ್ತೆ. ಬುಡಕ್ಕೆ ಕಟ್ಟೆ ಕಟ್ಟಿ ಮಣ್ಣು ಏರಿಸೋ ಆಸೆ ಇದ್ರೆ ಅದೂ ಬೇಡ, ತೊಗಟೆ ಕೊಳೆಯುತ್ತೆ.

ಬೇರುಬಿಳಲು

ಆ ಕರೀ ಕಲೆ ಮರ ಹೊಳಗೇರು ಇರಬಹುದು. ಕೈಯಿಂದ ಮುಟ್ಟಿ ಪರೀಕ್ಷೆ ಮಾಡಬೇಡಿ. ಎಲೆತೊಟ್ಟಿನ ಮೇಲೆ ಎರಡು ಪುಟ್ಟ ಮುಳ್ಳಿನಂಥ ಚಾಚು ಇದೆಯಾ ದೂರದಿಂದ ನೋಡಿ. ಉದ್ದನೆ ಕೋಲಿಗೆ ಕತ್ತಿ ಕಟ್ಟಿ ಒಂದು ಎಲೆ ಕೊಯ್ದು, ಅದರ ರಸ ಬಿಳೀ ಕಾಗದಕ್ಕೆ ಒತ್ತಿ; ಸ್ವಲ್ಪ ಹೊತ್ತಿಗೆ ಕಾಗದ ಕಪ್ಪಾದ್ರೆ ಹೊಳಗೇರೇ.

ಗೇರಿನ ಕುಟುಂಬದ್ದೇ ಮರ, ರಸ ತಾಗಿದ ಕಡೆ ಬೊಬ್ಬೆ ಏಳುತ್ತೆ. ಚೈನ್ ಗರಗಸ ಹಚ್ಚಿದ್ರೆ ಪುಡಿಯ ಜೊತೆ ರಸವೂ ಮುಖಕ್ಕೆ ಎರಚುತ್ತೆ. ನೈಋತ್ಯ ಮೂಲೆಯಲ್ಲಿ ಇಳಿಜಾರಿನ ಮೇಲಿದೆ ಅಂದ್ರಿ. ಮನೆಗೆ ನಿಲುಕದಿದ್ರೆ ಅದನ್ನ ಇರಗೊಡೋದೇ ಲೇಸು, ಮಕ್ಕಳು ಹೋಗದಂಗೆ ಒಂದು ಬೇಲಿ ಹಾಕಿಸಿ. ತೆಗೆಸಲೇಬೇಕು ಅಂದ್ರೆ ಅದೇ ಅರ್ಜಿಯಲ್ಲಿ ಸೇರಿಸಿ, ಕೆಲಸದವರಿಗೆ ಮೊದಲೇ ಹೇಳಿ. ಎಷ್ಟೋ ಗುತ್ತಿಗೆದಾರರು ಹೇಳೋದೇ ಇಲ್ಲ, ಬಂದವನು ಬರೀ ಬನಿಯನ್‌ನಲ್ಲಿ ಹತ್ತುತ್ತಾನೆ. ತುಂಬುತೋಳಿನ ಅಂಗಿ, ಮೊಣಕೈವರೆಗಿನ ರಬ್ಬರ್ ಗವಸು, ಮುಖ ಪೂರ್ತಿ ಮುಚ್ಚೋ ಪಾರದರ್ಶಕ ಕವಚ ಬೇಕು. ನಮ್ಮ ಮಲೆನಾಡಲ್ಲಿ ಮೈಗೆ ಮೊದಲೇ ಕೊಬ್ಬರಿ ಎಣ್ಣೆ ಹಚ್ಚಿಕೊಳ್ತಾರೆ, ಹಚ್ಚಿಕೊಳ್ಳಲಿ, ಆದ್ರೆ ಅದನ್ನೇ ನಂಬಿ ಗವಸು ಬಿಡೋದು ಬೇಡ. ರಸ ತಾಗಿದ ತಕ್ಷಣ ಸೋಪು ಹಾಕಿ ಧಾರಾಳ ನೀರಲ್ಲಿ ತೊಳೀಬೇಕು, ಬಟ್ಟೆ ಬೇರೆಯಾಗಿ ಒಗೀಬೇಕು, ಹಗ್ಗ ಮತ್ತು ಗರಗಸದ ಹಿಡಿ ಒರೆಸಬೇಕು. ಟೊಂಗೆಗಳನ್ನ ಮಾತ್ರ ಸುಡಬೇಡಿ, ಆ ಹೊಗೆ ಕಣ್ಣು, ಗಂಟಲಿಗೆ ಹೋದ್ರೆ ಆಸ್ಪತ್ರೆಯೇ ಗತಿ. ಬೇರೆ ಕಟ್ಟಿಗೆ ರಾಶಿಯಲ್ಲಿ ಸೇರಿಸದೆ ಬದಿಗಿಟ್ಟು ಗುರುತು ಹಾಕಿಸಿ. ಚಳಿಗಾಲದಲ್ಲಿ ಕೂಲಿಯವರು ಬೆಂಕಿ ಕಾಯಿಸೋಕೆ ಎತ್ತಿಕೊಳ್ಳೋದು ಆ ರಾಶಿಯಿಂದಲೇ.